ಓದುಗರ ಪ್ರಶ್ನೆ: ಮುಂಬೈ ಮಕ್ಕಳಿಗೆ ಚೋಮನ ಗದ್ದೆ ತೋರಿಸುವುದು ಹೇಗೆ?

ಪ್ರಶ್ನೆ: ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಕಲಿಸುತ್ತೇನೆ. ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ' ಓದಿ ಹೇಳಿದರೆ ಮಕ್ಕಳು ಸುಮ್ನೆ ಕೇಳಿಸಿಕೊಂಡು ಎದ್ದು ಹೋಗುತ್ತಾರೆ. ಹೆಚ್ಚಿನವರು ಗದ್ದೆಗೆ ಇಳಿದವರಲ್ಲ. ಕೈಯಾರೆ ಮಾಡಿಸುವಂಥದ್ದು ಏನಾದರೂ ಇದೆಯೇ?

ಉತ್ತರ: ಇದೆ. ಆದರೆ ಚೋಮ ಬಾರಿಸುವ ಚರ್ಮವಾದ್ಯವಾದ ದುಡಿ ಮಾಡಿಸುವುದರಿಂದ ಶುರು ಮಾಡಬೇಡಿ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಡಬ್ಬಕ್ಕೆ ಬಣ್ಣ ಹಚ್ಚುವ ಗಲಾಟೆಯಲ್ಲಿ ಚೋಮ ಮರೆತೇ ಹೋಗುತ್ತಾನೆ. ಅವನ ಆಸೆ ಇರುವುದು ಗದ್ದೆಯ ಮೇಲೆ. ಮೊದಲು ಗದ್ದೆ ಮಾಡಿ.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 132 ಅಡಿ ಹಗ್ಗ ತನ್ನಿ, ಪ್ರತಿ 33 ಅಡಿಗೆ ಗಂಟು ಹಾಕಿ. ನಾಲ್ಕು ಮಕ್ಕಳು ನಾಲ್ಕು ಮೂಲೆಯಲ್ಲಿ ನಿಂತು ಎಳೆದು ಹಿಡಿಯಲಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ ಸುಮಾರು 46 ಅಡಿ 8 ಅಂಗುಲ ಬಂದರೆ ಚೌಕ ಸರಿಯಾಗಿದೆ. ಆಟದ ಮೈದಾನ ಇಲ್ಲದಿದ್ದರೆ ವರಾಂಡದಲ್ಲಿ ಅಡಿಗೆ ಒಂದು ಅಂಗುಲದಂತೆ ಸೀಮೆಸುಣ್ಣದಲ್ಲಿ ಎಳೆಯಿರಿ.

ಮುಂಬೈ ಮಕ್ಕಳಿಗೆ ಚದರಡಿ ಲೆಕ್ಕ ಹೇಳಿಕೊಡಬೇಕಿಲ್ಲ, ಅಲ್ವಾ? ಮನೆಯ ಮಾತಿನಲ್ಲೇ ಅದು ಇರುತ್ತದೆ. ಒಂದು ಗುಂಟೆಗೆ 1,089 ಚದರಡಿ. ಅದರೊಳಗೆ ತಮ್ಮ ಖೋಲಿಯನ್ನು ಗೆರೆ ಎಳೆದು ತೋರಿಸಲು ಹೇಳಿ. ಹತ್ತಡಿಗೆ ಹತ್ತಡಿಯ ಖೋಲಿಯಾದರೆ ಒಂಬತ್ತು ಹಿಡಿಯುತ್ತವೆ. ಆಮೇಲೆ ಕೇಳಿ: ಚೋಮನ ಹತ್ತಿರ ಎತ್ತಿನ ಜೋಡಿ ಇತ್ತು, ದುಡಿಯುವ ಮೈ ಇತ್ತು, ಇಷ್ಟಾದರೂ ನೆಲ ಯಾಕೆ ಸಿಗಲಿಲ್ಲ? ಒಡೆಯ ಸಂಕಪ್ಪಯ್ಯನ ಮನಸ್ಸು ಕರಗಿದರೂ, ಅಸ್ಪೃಶ್ಯನಾದ ಚೋಮನಿಗೆ ನೆಲ ಕೊಡಲು ಸಂಕಪ್ಪಯ್ಯನ ತಾಯಿ ಒಪ್ಪದ ಭಾಗವನ್ನು ಆ ಹಗ್ಗದೊಳಗೆ ಕೂತೇ ಓದಿ. ಹಗ್ಗದ ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದು ಕಣ್ಣಿಗೇ ಕಾಣುತ್ತದೆ.

ಮುಂದಿನ ಪೀರಿಯಡ್‌ಗೆ ತೋಟದ ಸಾಲ. ಚೋಮನ ಮಕ್ಕಳಾದ ಚನಿಯ, ಗುರುವ ಘಟ್ಟದ ತೋಟಕ್ಕೆ ಹೋಗುವುದು ಆ ಸಾಲ ತೀರಿಸಲಿಕ್ಕಾಗಿಯೇ. ಸಾಲದ ಪುಸ್ತಕವನ್ನು ಮಕ್ಕಳೇ ಬರೆಯಲಿ. ಅಂಕಿಗಳು ಅಭ್ಯಾಸಕ್ಕೆ ಮಾತ್ರ: ಸಾಲ 20 ರೂಪಾಯಿ, ತಿಂಗಳ ಕೂಲಿ 3, ಅಕ್ಕಿ ಉಪ್ಪಿಗೆ ಮುರಿದುಕೊಳ್ಳುವುದು ಎರಡೂವರೆ. ತಿಂಗಳಿಗೆ ಎಂಟಾಣೆಯಂತೆ ಬಡ್ಡಿ ಇಲ್ಲದೆಯೂ 40 ತಿಂಗಳು. ಜ್ವರ ಬಂದು ಒಂದು ತಿಂಗಳು ಕೂಲಿ ತಪ್ಪಿದರೆ ಐದು ತಿಂಗಳ ಉಳಿತಾಯ ಹೋಯಿತು. ಚನಿಯನಿಗೆ ಜ್ವರ ಬರುವ ಭಾಗ ಆಗ ಮಕ್ಕಳಿಗೆ ಬೇರೆಯೇ ಆಗಿ ಕೇಳುತ್ತದೆ.

ದುಡಿ ಕೊನೆಗೆ ಬರಲಿ. ತಳ ತೆಗೆದ ಡಬ್ಬಕ್ಕೆ ಕತ್ತರಿಸಿದ ಬಲೂನು ಬಿಗಿಯಾಗಿ ಎಳೆದು ಕಟ್ಟಿದರೆ ಸಾಕು. ಬಿಗಿ ಮಾಡಿದಷ್ಟೂ ದನಿ ಏರುತ್ತದೆ. ಚೋಮ ಖುಷಿಯಲ್ಲೂ ಸಿಟ್ಟಿನಲ್ಲೂ ದುಡಿ ಬಾರಿಸುತ್ತಾನೆ. ಎಲ್ಲಿ ಯಾವ ಪೆಟ್ಟು ಎಂದು ಮಕ್ಕಳೇ ಪುಟ ಹುಡುಕಿ ತೀರ್ಮಾನಿಸಲಿ.

ಒಂದನ್ನು ಮಾತ್ರ ಖಂಡಿತ ಮಾಡಿಸಬೇಡಿ. ಅಸ್ಪೃಶ್ಯತೆಯ ದೃಶ್ಯಗಳನ್ನು ಮಕ್ಕಳಿಂದ ಆಡಿಸಬೇಡಿ. ಚೋಮನ ಮಗ ನೀಲ ನೀರಲ್ಲಿ ಮುಳುಗುವ ಭಾಗವನ್ನು ನೀವೇ ಓದಿ. ಯಾರ ಮನೆಯ ಜಾತಿಯನ್ನೂ ಕೇಳಬೇಡಿ. ಓದಿದ ಮೇಲೆ ಬೋರ್ಡಿನಲ್ಲಿ ಎರಡು ಇಸವಿ ಬರೆಯಿರಿ: ಕಾರಂತರ ಪುಸ್ತಕ ಬಂದ 1933, ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿಯೊಂದಿಗೆ ಸಂವಿಧಾನ ಜಾರಿಗೆ ಬಂದ 1950. ಪ್ರಶ್ನೆಗಳು ಜಾಸ್ತಿಯೇ ಬರುತ್ತವೆ. ಅದಕ್ಕೆಂದೇ ಒಂದು ಪೂರ್ತಿ ಪೀರಿಯಡ್ ಇಟ್ಟುಕೊಳ್ಳಿ.