ಸ್ಪಾಕ್ ಅವನೇ, ಮುಖ ಬೇರೆ: ಸ್ಟಾರ್ ಟ್ರೆಕ್ ಜಗಳದ ಹಿಂದುಮುಂದು

1966ರಲ್ಲಿ ಅಮೆರಿಕದ ಟೀವಿಯಲ್ಲಿ ಶುರುವಾದ ಬಾಹ್ಯಾಕಾಶದ ಕಥೆಗೆ 2022ರಲ್ಲಿ ಪೀಠಿಕೆ ಬರೆಯಲು ಹೊರಟರೆ ಎಷ್ಟು ಗಂಟು ಬೀಳುತ್ತದೆ ಎಂಬುದನ್ನು ನೋಡಬೇಕಾದರೆ ‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ನೋಡಬೇಕು. ಮೂಲ ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕ್‌ಗಿಂತ ಮೊದಲು ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗು ನಡೆಸಿದ ಕ್ರಿಸ್ಟೋಫರ್ ಪೈಕ್‌ನ ಕಾಲದ ಧಾರಾವಾಹಿ ಇದು. ಹಳೆಯ ಧಾರಾವಾಹಿಯ ಸ್ಪಾಕ್, ಉಹುರಾ, ನರ್ಸ್ ಚಾಪೆಲ್, ಸ್ಕಾಟಿ, ಆಮೇಲೆ ಕರ್ಕ್ ಕೂಡ ಬರುತ್ತಾರೆ. ನಟರು ಮಾತ್ರ ಎಲ್ಲ ಹೊಸಬರು. ಬಳ್ಳಾರಿಯ ಹಾಸ್ಟೆಲ್ಲಿನಲ್ಲೋ ತೋರಣಗಲ್ಲಿನ ಟೌನ್‌ಶಿಪ್ಪಿನಲ್ಲೋ ಇಬ್ಬರು ಟ್ರೆಕ್ ಹುಚ್ಚಿನವರು ಮಾತಿಗೆ ಕೂತರೆ ಒಬ್ಬರು 1967ರ ಸಂಭಾಷಣೆ ಹಿಡಿದು ‘ಇದೆಂಗ ಆಗ್ತೈತಿ’ ಅನ್ನುತ್ತಾರೆ, ಇನ್ನೊಬ್ಬರು 2023ರ ಕಂತು ತೋರಿಸಿ ‘ಅದಕ್ಕ ಉತ್ತರ ಕೊಟ್ಟಾರ’ ಅನ್ನುತ್ತಾರೆ. ನಡುವೆ ಕೂತ ಮೂರನೆಯವರಿಗೆ ತಲೆಬುಡ ತಿಳಿಯುವುದಿಲ್ಲ.

ಗೊಂದಲಕ್ಕೆ ಒಂದು ಕಾರಣ, ಇಲ್ಲಿನ ಪ್ರೇಕ್ಷಕರು ಒಬ್ಬೊಬ್ಬರು ಒಂದೊಂದು ಬಾಗಿಲಿನಿಂದ ಒಳಗೆ ಬಂದದ್ದು. (ಈ ಸೀಮೆಗೆ ಟೀವಿ ಬಂದದ್ದೇ ಬಾಹ್ಯಾಕಾಶದಿಂದ ಎನ್ನಬಹುದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ನಾಸಾದ ಎಟಿಎಸ್-6 ಉಪಗ್ರಹದಿಂದ ನೇರ ಕಾರ್ಯಕ್ರಮ ಕಂಡ ಹಳ್ಳಿಗಳಲ್ಲಿ, ಆಗ ಕೊಪ್ಪಳವೂ ಸೇರಿದ್ದ ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು.) ಹಿರಿಯರಿಗೆ ಸ್ಟಾರ್ ಟ್ರೆಕ್ ಅಂದರೆ 1980ರ ದಶಕದ ದೂರದರ್ಶನದ ಭಾನುವಾರ. ಕಿರಿಯರಿಗೆ ಅದು 2017ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಡಿಸ್ಕವರಿ’ ಎಂಬ ಇನ್ನೊಂದು ಟ್ರೆಕ್ ಧಾರಾವಾಹಿ. 2021ರ ನವೆಂಬರ್‌ನಲ್ಲಿ, ನಾಲ್ಕನೇ ಸೀಸನ್ ಶುರುವಾಗಲು ಇನ್ನೆರಡು ದಿನ ಇದೆ ಎನ್ನುವಾಗ, ಡಿಸ್ಕವರಿಯನ್ನು ಅಲ್ಲಿಂದ ಎತ್ತಿದರು. ಅಲ್ಲಿಂದಾಚೆ ಆ್ಯಪಿಂದ ಆ್ಯಪಿಗೆ ಹಾರುತ್ತ, ಸಿಕ್ಕಿದ್ದನ್ನು ಸಿಕ್ಕ ಕ್ರಮದಲ್ಲಿ ನೋಡಿದವರೇ ಹೆಚ್ಚು. ಅರ್ಧ ಜಗಳ ಹುಟ್ಟುವುದು ಅಲ್ಲೇ.

ಮೂಲ ಧಾರಾವಾಹಿ 1966ರಿಂದ 1969ರವರೆಗೆ ಮೂರು ಸೀಸನ್, 79 ಕಂತು. ಆಮೇಲೆ ಸಿನಿಮಾಗಳು, ಮುಂದಿನ ಪೀಳಿಗೆಯ ಮೂರು ಧಾರಾವಾಹಿಗಳು, 2001ರಿಂದ 2005ರವರೆಗೆ ಮೊದಲ ಪೂರ್ವಕಥೆ ‘ಎಂಟರ್‌ಪ್ರೈಸ್’, 2009ರಲ್ಲಿ ಕಾಲರೇಖೆಯನ್ನೇ ಕವಲೊಡೆಸಿ ಹಳೆಯ ಲೆಕ್ಕದಿಂದ ಬಿಡುಗಡೆ ಪಡೆದ ಸಿನಿಮಾ. ಈ ಜಗಳಕ್ಕೆ ಅಷ್ಟು ತಿಳಿದರೆ ಸಾಕು. ಆದರೆ ಮೊದಲ ಸೀಸನ್ನಿನಲ್ಲಿ ನಡೆದದ್ದನ್ನು ಬಿಡುವಂತಿಲ್ಲ.

ಸ್ಟಾರ್ ಟ್ರೆಕ್‌ನ ಮೊದಲ ಪೈಲಟ್ (ಮಾದರಿ) ಕಂತು ‘ದಿ ಕೇಜ್’. ಅದರಲ್ಲಿ ಕ್ಯಾಪ್ಟನ್ ಕರ್ಕ್ ಅಲ್ಲ, ಪೈಕ್. ನಟ ಜೆಫ್ರಿ ಹಂಟರ್. ಟೀವಿ ಜಾಲ ಎನ್‌ಬಿಸಿ ಅದನ್ನು ತಿರಸ್ಕರಿಸಿ ಇನ್ನೊಂದು ಪೈಲಟ್ ಕೇಳಿತು. ಹಂಟರ್ ಮರಳಲಿಲ್ಲ, ವಿಲಿಯಂ ಶಾಟ್ನರ್ ಬಂದರು. ಮೊದಲ ಸೀಸನ್ ನಡುವೆ ಕಂತುಗಳು ಹೊತ್ತಿಗೆ ಸರಿಯಾಗಿ ಸಿದ್ಧವಾಗದೆ ಪೇಚಿಗೆ ಸಿಕ್ಕಾಗ, ಪೆಟ್ಟಿಗೆಯಲ್ಲಿ ಬಿದ್ದಿದ್ದ ಕೇಜ್ ರೀಲನ್ನು ತೆಗೆದು ಸುತ್ತ ಹೊಸ ಕಥೆ ಹೊಲಿದು ‘ದಿ ಮೆನಾಜರಿ’ ಎಂಬ ಎರಡು ಕಂತು ಮಾಡಿದರು. 1966ರ ನವೆಂಬರ್‌ನಲ್ಲಿ ಅವು ಪ್ರಸಾರವಾದವು. ವಿಕಿರಣಕ್ಕೆ ಸಿಕ್ಕಿ ಮುಖ ಸುಟ್ಟುಕೊಂಡು, ಮಾತೂ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತ ಪೈಕ್ ಆಗಿ ಕಾಣಿಸಿಕೊಂಡದ್ದು ಹಂಟರ್ ಅಲ್ಲ, ಶಾನ್ ಕೆನ್ನಿ ಎಂಬ ಬೇರೆ ನಟ. ಅಂದರೆ ಪೈಕ್ ಪ್ರೇಕ್ಷಕರಿಗೆ ಪರಿಚಯವಾದ ದಿನವೇ ಇಬ್ಬರು ನಟರಲ್ಲಿ ಹಂಚಿಹೋಗಿದ್ದ. ಅವನ ಭವಿಷ್ಯ ಗೊತ್ತಾದದ್ದೂ ಅಂದೇ. ಹೊಸ ಧಾರಾವಾಹಿಯ ಬಂಡವಾಳವೂ ಬಂಧನವೂ ಅದೇ ಎರಡು ಕಂತು.

ನಟರ ಬದಲಾವಣೆ ಅಲ್ಲಿಗೆ ನಿಲ್ಲಲಿಲ್ಲ. ಸಾವಿಕ್ ಪಾತ್ರವನ್ನು 1982ರ ಸಿನಿಮಾದಲ್ಲಿ ಕರ್ಸ್ಟಿ ಆ್ಯಲಿ ಮಾಡಿದರೆ 1984ರದರಲ್ಲಿ ರಾಬಿನ್ ಕರ್ಟಿಸ್ ಮಾಡಿದರು. ಬೆಳಕಿಗಿಂತ ವೇಗದ ವಾರ್ಪ್ ಎಂಜಿನ್ ಕಂಡುಹಿಡಿದ ಕಾಕ್ರನ್ 1967ರಲ್ಲಿ ಗ್ಲೆನ್ ಕಾರ್ಬೆಟ್, 1996ರಲ್ಲಿ ಜೇಮ್ಸ್ ಕ್ರಾಮ್‌ವೆಲ್. ಇಬ್ಬರಿಗೂ ಯಾವ ಹೋಲಿಕೆಯೂ ಇಲ್ಲ. ತಿರುಗುಮುರುಗೂ ಉಂಟು: ಮಾರ್ಕ್ ಲೆನಾರ್ಡ್ ಮೊದಲು ರಾಮುಲನ್ ಎಂಬ ಅನ್ಯಗ್ರಹ ಜನಾಂಗದ ಕಮಾಂಡರ್, ಮರುವರ್ಷ ಸ್ಪಾಕ್‌ನ ತಂದೆ ಸಾರೆಕ್, 1979ರಲ್ಲಿ ಕ್ಲಿಂಗಾನ್ ಎಂಬ ಇನ್ನೊಂದು ಅನ್ಯಗ್ರಹ ಜನಾಂಗದವ. ಕರ್ಕ್‌ನ ಅಣ್ಣ ಸ್ಯಾಮ್ ಹೆಣವಾಗಿ ಕಾಣುವ ದೃಶ್ಯದಲ್ಲಿ ಮಲಗಿರುವುದು ಮೀಸೆ ಅಂಟಿಸಿಕೊಂಡ ಶಾಟ್ನರೇ. ದೊಡ್ಡಾಟ ನೋಡಿ ಬೆಳೆದ ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾರಥಿ ‘ತಾವು ಯಾರು’ ಎಂದು ಕೇಳುತ್ತಾನೆ, ಕಿರೀಟ ಹೊತ್ತವನು ತಾನು ಕೌರವ ಎನ್ನುತ್ತಾನೆ. ಹೋದ ವರ್ಷದ ಕೌರವನ ಮೂಗು ಹೀಗಿರಲಿಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ.

ಹಾಗಾದರೆ 2017ರಲ್ಲಿ ಅಷ್ಟು ಸಿಟ್ಟು ಬಂದದ್ದೇಕೆ? ‘ಡಿಸ್ಕವರಿ’ ನಡೆಯುವುದು ಕರ್ಕ್‌ಗಿಂತ ಸುಮಾರು ಹತ್ತು ವರ್ಷ ಮೊದಲು. ಆದರೆ ಹಡಗುಗಳ ನಡುವೆ ಮಾತುಕತೆ ಹೊಲೊಗ್ರಾಮಿನಲ್ಲಿ, ಕ್ಲಿಂಗಾನರ ತಲೆ ಬೋಳು, ಶಿಲೀಂಧ್ರದ ಜಾಲದ ಮೇಲೆ ಜಿಗಿಯುವ ಎಂಜಿನ್, ಮೇಲೆ ಸ್ಪಾಕ್‌ಗೆ ಯಾರೂ ಕೇಳಿರದ ಒಬ್ಬ ಸಾಕುಅಕ್ಕ. ಅಕ್ಕನ ವಿಚಾರದಲ್ಲಿ ಹಳೆಯ ಸರಣಿಯೇ ಸಾಕ್ಷಿ ನುಡಿಯುತ್ತದೆ: 1967ರ ‘ಜರ್ನಿ ಟು ಬೇಬಲ್’ನಲ್ಲಿ ತಂದೆ ತಾಯಿ ಎದುರಿಗೇ ನಿಂತರೂ ಇವರು ತನ್ನ ಹೆತ್ತವರು ಎಂದು ಸ್ಪಾಕ್ ತಾನಾಗಿ ಹೇಳಿರುವುದಿಲ್ಲ, 1989ರ ಸಿನಿಮಾದಲ್ಲಿ ದಿಢೀರನೆ ಒಬ್ಬ ಮಲಸಹೋದರ ಹುಟ್ಟಿಕೊಂಡಿದ್ದ. ಉಳಿದವುಗಳಿಗೆ ಅಂಥ ಆಸರೆ ಇರಲಿಲ್ಲ.

2019ರ ಎರಡನೇ ಸೀಸನ್ನಿನಲ್ಲಿ ದಿಕ್ಕು ಬದಲಾಯಿತು. ಆ್ಯನ್ಸನ್ ಮೌಂಟ್ ಪೈಕ್ ಆಗಿ, ಈಥನ್ ಪೆಕ್ ಸ್ಪಾಕ್ ಆಗಿ, ರೆಬೆಕಾ ರೊಮೇನ್ ಕ್ಯಾಪ್ಟನ್ ನಂತರದ ಅಧಿಕಾರಿ ನಂಬರ್ ವನ್ ಆಗಿ ಬಂದರು. ‘ಇಫ್ ಮೆಮೊರಿ ಸರ್ವ್ಸ್’ ಕಂತಿನ ಆರಂಭದಲ್ಲಿ, ಹಿಂದಿನ ಕಥೆ ಎನ್ನುತ್ತ, ‘ದಿ ಕೇಜ್’ನ ಹಳೆಯ ಬಣ್ಣದ ತುಣುಕುಗಳನ್ನೇ ಓಡಿಸಿ, ಹಂಟರ್‌ನ ಮುಖದಿಂದ ನೇರ ಮೌಂಟ್‌ನ ಮುಖಕ್ಕೆ ಕತ್ತರಿಸಿದರು. ವಿವರಣೆಯಿಲ್ಲ, ಕ್ಷಮಾಪಣೆಯಿಲ್ಲ. ಈ ಅರವತ್ತು ವರ್ಷಗಳ ಪಾತ್ರಬದಲಿನಲ್ಲಿ ಇದಕ್ಕಿಂತ ಚೊಕ್ಕ ಕೆಲಸ ಇನ್ನೊಂದಿಲ್ಲ. ಸೀಸನ್ನಿನ ಕೊನೆಯಲ್ಲಿ ಮಾಡಿದ್ದು ಇದಕ್ಕೆ ಉಲ್ಟಾ: ಡಿಸ್ಕವರಿ ಹಡಗನ್ನು ಒಂಬೈನೂರಕ್ಕೂ ಹೆಚ್ಚು ವರ್ಷ ಮುಂದಕ್ಕೆ ಕಳಿಸಿ, ಅದರ ಹೆಸರೆತ್ತಿದರೆ ದೇಶದ್ರೋಹ ಎಂದು ಆಜ್ಞೆ ಹೊರಡಿಸಿದರು. ಯಾರೂ ಯಾಕೆ ಆ ಮಾತೆತ್ತಲಿಲ್ಲ ಎಂಬುದಕ್ಕೆ ಅದು ಉತ್ತರ ಹೌದು. ಉತ್ತರ ಕೇಳಿದವರ ಬಾಯಿ ಮುಚ್ಚಿಸುವ ಉತ್ತರ.

ಮೌಂಟ್‌ನ ಪೈಕ್ ಜನರಿಗೆ ಹಿಡಿಸಿದ್ದರಿಂದ ಅಭಿಮಾನಿಗಳು ಮನವಿ ಹಾಕಿದರು, 2020ರಲ್ಲಿ ಹೊಸ ಧಾರಾವಾಹಿ ಘೋಷಣೆಯಾಯಿತು, 2022ರ ಮೇ 5ಕ್ಕೆ ಮೊದಲ ಕಂತು ಬಂತು. ಈಗಿನ ತಕರಾರುಗಳೆಲ್ಲ ಇದರವು. ಮುಖ, ಸೆಟ್ಟು, ಬಟ್ಟೆಯ ಜಗಳಕ್ಕೆ ಆಯುಸ್ಸು ಕಡಿಮೆ. ಎರಡು ಕಂತಿಗೆ ಕಣ್ಣು ಒಗ್ಗುತ್ತದೆ. ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದೇ ಗಟ್ಟಿ ಜಗಳ. 1967ರ ‘ಅಮೋಕ್ ಟೈಮ್’ನಲ್ಲಿ ಪರದೆಯ ಮೇಲೆ ಸ್ಪಾಕ್‌ಗೆ ನಿಶ್ಚಯವಾದ ಹೆಣ್ಣು ಟಿಪ್ರಿಂಗ್‌ಳನ್ನು ಕಂಡ ಉಹುರಾ ಈಕೆ ಯಾರೆಂದು ಸ್ಪಾಕ್‌ನನ್ನು ಕೇಳುತ್ತಾಳೆ. ಹೊಸ ಧಾರಾವಾಹಿಯಲ್ಲಿ ಉಹುರಾ ಹಡಗಿನಲ್ಲಿರುವಾಗಲೇ ಟಿಪ್ರಿಂಗ್ ಬಂದುಹೋಗುತ್ತಾಳೆ, ಚಾಪೆಲ್ ಜೊತೆ ಸ್ಪಾಕ್‌ನ ಪ್ರೇಮವೂ ನಡೆಯುತ್ತದೆ. 1967ರ ‘ಅರೀನಾ’ದಲ್ಲಿ ಹಲ್ಲಿಯಂಥ ಅನ್ಯಗ್ರಹ ಜೀವಿಗಳಾದ ಗಾರ್ನ್‌ಗಳು ಎಂಟರ್‌ಪ್ರೈಸ್‌ನವರಿಗೆ ಅಪರಿಚಿತರು, ಇಲ್ಲಿ ಮೊದಲ ಸೀಸನ್ನಿನಿಂದಲೇ ಅದೇ ಸ್ಪಾಕ್, ಅದೇ ಉಹುರಾ ಇರುವ ಹಡಗಿನ ಮೇಲೆ ಗಾರ್ನ್ ದಾಳಿ.

ಬರೆಯುವವರಿಗೆ ಹಳೆಯ ಕಂತು ಗೊತ್ತಿಲ್ಲ ಎನ್ನುವ ದೂರಿಗೆ ಮಾತ್ರ ಬುಡವಿಲ್ಲ. ಪೈಕ್ ಫ್ಲೀಟ್ ಕ್ಯಾಪ್ಟನ್ ಆದಾಗ ತಾವು ಭೇಟಿಯಾದದ್ದು ಎಂದು ಕರ್ಕ್ ‘ಮೆನಾಜರಿ’ಯಲ್ಲಿ ಹೇಳುತ್ತಾನೆ. ಆ ಒಂದು ವಾಕ್ಯಕ್ಕಾಗಿ ಎರಡನೇ ಸೀಸನ್ನಿನ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ನಲ್ಲಿ ಪೈಕ್‌ಗೆ ತಾತ್ಕಾಲಿಕ ಫ್ಲೀಟ್ ಕ್ಯಾಪ್ಟನ್ ಪದವಿ ಕೊಟ್ಟು, ಅದೇ ಕಂತಿನಲ್ಲಿ ಕರ್ಕ್‌ನನ್ನು ಹಡಗಿಗೆ ಕರೆತಂದರು. ಎಲ್ಲಿ ಬೇಕೋ ಅಲ್ಲಿ ಕೂದಲು ಸೀಳುತ್ತಾರೆ, ಗಾರ್ನ್ ಬೇಕೆನಿಸಿದಾಗ ಕಣ್ಣು ಮುಚ್ಚುತ್ತಾರೆ.

ಮೂರನೆಯದು ಇಸವಿಯ ಜಗಳ. 1967ರ ‘ಸ್ಪೇಸ್ ಸೀಡ್’ ಪ್ರಕಾರ ಖಳನಾಯಕ ಖಾನ್ ನೂನಿಯನ್ ಸಿಂಗ್ 1990ರ ದಶಕದಲ್ಲಿ ಭೂಮಿಯ ಕಾಲು ಭಾಗ ಆಳಬೇಕಿತ್ತು. ಆ ದಶಕ ಬಂದುಹೋಯಿತು. 2023ರ ಕಂತೊಂದರಲ್ಲಿ ಕಾಲಯುದ್ಧಗಳಿಂದ ಇತಿಹಾಸ ಜರುಗಿದೆ ಎಂದು ಪಾತ್ರವೊಂದರ ಬಾಯಲ್ಲಿ ಹೇಳಿಸಿ, ಖಾನ್‌ನನ್ನು 21ನೇ ಶತಮಾನದ ಟೊರಾಂಟೊದಲ್ಲಿ ಬಾಲಕನಾಗಿ ತೋರಿಸಿದರು. ಹೀಗೆ ಉತ್ತರ ಕೊಡಲು ಹೋದದ್ದೇ ತೊಂದರೆ. ಈ ಕೀಲಿ ಒಮ್ಮೆ ಕೈಗೆ ಬಂದ ಮೇಲೆ ಗಾರ್ನ್, ಟಿಪ್ರಿಂಗ್ ಎಲ್ಲಕ್ಕೂ ಅದನ್ನೇ ತಿರುಗಿಸಬಹುದು. ಆಗ ಪೈಕ್‌ನ ಗಾಲಿಕುರ್ಚಿಯೂ ಅನಿವಾರ್ಯವಲ್ಲ, ಧಾರಾವಾಹಿಯ ದುಃಖವೇ ಸಡಿಲ. ಕ್ಲಿಂಗಾನರ ಹಣೆಯ ಕಥೆ ನೆನಪಿಟ್ಟರೆ ಸಾಕಿತ್ತು: ಮೂಲ ಧಾರಾವಾಹಿಯಲ್ಲಿ ಸಪಾಟಾಗಿದ್ದ ಹಣೆ 1979ರಲ್ಲಿ ಉಬ್ಬಿತು, 1996ರಲ್ಲಿ ವರ್ಫ್ ಎಂಬ ಕ್ಲಿಂಗಾನ್ ‘ಹೊರಗಿನವರ ಮುಂದೆ ಆ ಮಾತಾಡುವುದಿಲ್ಲ’ ಎಂಬರ್ಥದ ಒಂದು ಮಾತಿನಲ್ಲಿ ನಗಿಸಿ ಮುಗಿಸಿದ, 2005ರಲ್ಲಿ ಅದೇ ವಿಷಯಕ್ಕೆ ವೈರಸ್ ಕಥೆ ಕಟ್ಟಿ ಎರಡು ಕಂತು ಬೇಕಾದವು.

ಕೆಲವು ತಕರಾರು ಕಂಟಿನ್ಯುಟಿಯ (ಹಳೆಯ ಕಥೆಗೂ ಹೊಸದಕ್ಕೂ ಹೊಂದಾಣಿಕೆಯ) ವೇಷ ಹಾಕಿದವು. ಎಂಟರ್‌ಪ್ರೈಸ್‌ನ ಮೊದಲ ಕ್ಯಾಪ್ಟನ್ ರಾಬರ್ಟ್ ಏಪ್ರಿಲ್ 1974ರ ಕಾರ್ಟೂನ್ ಕಂತಿನಲ್ಲಿ ಬಿಳಿಯ. ಈಗ ಆ ಪಾತ್ರ ಮಾಡಿದ ಏಡ್ರಿಯನ್ ಹೋಮ್ಸ್ ಕಪ್ಪು ವರ್ಣದವರು. ಕಾರ್ಟೂನು ಅಧಿಕೃತ ಕಥೆಯ ಲೆಕ್ಕಕ್ಕೇ ಇಲ್ಲ ಎಂದು ವರ್ಷಗಟ್ಟಲೆ ವಾದಿಸಿದವರಲ್ಲೂ ಕೆಲವರಿಗೆ ಅದು ಆವತ್ತು ನೆನಪಾಯಿತು.

ಹೊಸದಾಗಿ ನೋಡುವವರು ಮೊದಲು ‘ದಿ ಕೇಜ್’, ಆಮೇಲೆ ‘ಮೆನಾಜರಿ’ಯ ಎರಡು ಕಂತು, ಅನಂತರ ಡಿಸ್ಕವರಿಯ ಎರಡನೇ ಸೀಸನ್ನಿನ 14 ಕಂತು, ಆಮೇಲೆ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಹಿಡಿಯಲಿ. ಇದರ ಮೊದಲ ಸೀಸನ್ನಿನ ಹತ್ತನೇ ಕಂತಿಗೆ ಮುಂಚೆ 1966ರ ‘ಬ್ಯಾಲೆನ್ಸ್ ಆಫ್ ಟೆರರ್’ ನೋಡಲೇಬೇಕು. ಆ ಕಂತು ಅದನ್ನೇ, ಕರ್ಕ್ ಬದಲು ಪೈಕ್ ಇದ್ದಿದ್ದರೆ ಎಂದು, ಮರಳಿ ಆಡುತ್ತದೆ. ಯಾರಾದರೂ ತಪ್ಪು ತೋರಿಸಿದರೆ ಅದು ಪಾತ್ರ ಬಾಯಿಬಿಟ್ಟು ಹೇಳಿದ್ದೋ, ಬರೀ ಪರದೆಯಲ್ಲಿ ಕಂಡದ್ದೋ, ಕಾದಂಬರಿಯಲ್ಲಿ ಓದಿದ್ದೋ ಎಂದು ಮೊದಲು ಕೇಳಿ. ಕಾದಂಬರಿ ಲೆಕ್ಕಕ್ಕಿಲ್ಲ. ಕಂಡದ್ದು ಕೂಡ ಅರ್ಧ ಸಾಕ್ಷಿ ಅಷ್ಟೇ. ಮೂಲ ಸರಣಿಯಲ್ಲಿ ಕರ್ಕ್‌ನ ಸಮಾಧಿಕಲ್ಲಿನ ಮೇಲೆ ಅವನ ಹೆಸರಿನ ನಡುವಿನ ಅಕ್ಷರವೇ ತಪ್ಪಾಗಿದೆ, ಟಿ ಇರಬೇಕಾದಲ್ಲಿ ಆರ್.

ಸ್ಟ್ರೇಂಜ್ ನ್ಯೂ ವರ್ಲ್ಡ್ಸ್‌ಗೆ ಐದನೇ ಸೀಸನ್ ಕೊನೆಯದು, ಆರೇ ಕಂತು. ಅಷ್ಟರಲ್ಲಿ ಪೈಕ್ ಹಡಗಿನಿಂದ ಇಳಿಯಬೇಕು, ಕರ್ಕ್ ಹತ್ತಬೇಕು, ಚಾಪೆಲ್‌ಳ ಭಾವೀ ಪತಿ ಕಾರ್ಬಿ ಕಣ್ಮರೆಯಾಗಬೇಕು, ಗಾರ್ನ್‌ಗಳನ್ನು ಸ್ಪಾಕ್ ಮರೆಯಬೇಕು. ಮೊದಲ ಮೂರಕ್ಕೆ ದಾರಿ 1966ರಲ್ಲೇ ಬರೆದಿಟ್ಟಿದ್ದಾರೆ. ನಾಲ್ಕನೆಯದಕ್ಕೆ ಬೇಕಾದ ದಾರಿ ಹಳೆಯ 79 ಕಂತುಗಳಲ್ಲಿ ಎಲ್ಲೂ ಇಲ್ಲ.