ಒಂದೇ ಗುಡ್ಡಕ್ಕೆ ಎರಡು ಸಲಹೆ

ಕೊಡಗಿನ ಕಾಫಿ ಬೆಳೆಗಾರರಿಗೆ ಈಗ ಎರಡು ಬಗೆಯ ಸಲಹೆ ಬರುತ್ತಿದೆ. ನೀರಿನ ಬಗ್ಗೆ ಹೇಳುವವರು, 'ಮಳೆನೀರು ತೋಟ ಬಿಟ್ಟು ಹೋಗಬಾರದು, ಗುಂಡಿ ತೋಡಿ, ಇಂಗಿಸಿ' ಅನ್ನುತ್ತಾರೆ. ಭೂಕುಸಿತದ ಬಗ್ಗೆ ಹೇಳುವವರು, 'ಇಳಿಜಾರಿನಲ್ಲಿ ನೀರು ನಿಲ್ಲಬಾರದು, ಚರಂಡಿ ಬಿಡಿಸಿ, ಬೇಗ ಕೊಲ್ಲಿಗೆ (ಗುಡ್ಡದ ಹಳ್ಳಕ್ಕೆ) ಸೇರಿಸಿ' ಅನ್ನುತ್ತಾರೆ. ಇಬ್ಬರೂ ಓದಿಕೊಂಡವರೇ, ಇಬ್ಬರ ಮಾತಿಗೂ ಆಧಾರ ಇದೆ. ಆದರೆ ತೋಟ ಒಂದೇ ಅಲ್ವಾ? 'ಸಾರ್, ನಾನು ಗುಂಡಿ ತೋಡಬೇಕಾ, ಮುಚ್ಚಬೇಕಾ?' ಎಂದು ಮಡಿಕೇರಿ ಕಡೆಯ ಬೆಳೆಗಾರರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ.

ನಾನು ಅಂತರ್ಜಲದ ಕೆಲಸ ಮಾಡುವವನು. ಬೋರ್‌ವೆಲ್ ಪಾಯಿಂಟ್ ನೋಡಲು ಕರೆಯುತ್ತಾರೆ. ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ, ಬಿರುಕು ಬಿಟ್ಟಿದ್ದರೂ ಕರೆಯುತ್ತಾರೆ. ಈ ಎರಡನ್ನೂ ಬೇರೆ ಬೇರೆ ಕೆಲಸ ಎಂದು ನೋಡುವುದನ್ನು ನಾವು ಬಿಡಬೇಕು. ಮಾರ್ಚ್‌ನಲ್ಲಿ ನಾವು ಹುಡುಕುವ ನೀರು, ಆಗಸ್ಟ್‌ನಲ್ಲಿ ಹೆದರುವ ನೀರು, ಎರಡೂ ಅದೇ ಗುಡ್ಡದ ಒಳಗೇ ಓಡಾಡುತ್ತವೆ.

ಮೊದಲು ಮಾರ್ಚ್‌ನ ಲೆಕ್ಕ ನೋಡೋಣ. ರೊಬಸ್ಟಾ ಕಾಫಿ ತೋಟಕ್ಕೆ ಹೂ ಅರಳಲು ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು ಮಳೆಯಾದರೂ ಬೇಕು. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಹತ್ತು ಎಕರೆಗೆ ಹತ್ತು ಲಕ್ಷ. ಹೂ ಬಂದು ಎರಡು ಮೂರು ವಾರಕ್ಕೆ ಮತ್ತೊಂದು ಸುತ್ತು ನೀರು ಕೊಡಬೇಕು.

ಈಗ ಬೋರ್‌ವೆಲ್ ಕಡೆ ಬನ್ನಿ. 'ಎರಡು ಇಂಚು ನೀರು ಬಿತ್ತು' ಎಂದು ನಾವು ಖುಷಿಪಡುತ್ತೇವೆ. ಇದು ವಿ ಆಕಾರದಲ್ಲಿ ಕೊರೆದ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂಬ ಅಳತೆ. ತಗಡಿನ ಕೊರೆತ ತೊಂಬತ್ತು ಡಿಗ್ರಿ ಇದ್ದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ ಸುಮಾರು 2,900 ಲೀಟರ್, ಮೂರು ಇಂಚಿಗೆ ಸುಮಾರು 8,000 ಲೀಟರ್. ಒಂದರಿಂದ ಎರಡು ಇಂಚಿಗೆ ಹೋದರೆ ನೀರು ಎರಡು ಪಟ್ಟಲ್ಲ, ಐದು ಪಟ್ಟಿಗೂ ಜಾಸ್ತಿ. ಇದು ಗೊತ್ತಿಲ್ಲದೆ ಮೋಟಾರ್ ಕೊಂಡವರು ಬಹಳ ಜನ ಇದ್ದಾರೆ. ಎರಡು ಇಂಚಿನ ಬೋರ್‌ನಿಂದ ದಿನಕ್ಕೆ ಹದಿನಾರು ಗಂಟೆ ಎತ್ತಿದರೂ ಹತ್ತು ಎಕರೆಗೆ ಒಂದು ಸುತ್ತು ನೀರು ಕೊಡಲು ಮೂರು ವಾರ ಬೇಕು. ಅಷ್ಟು ಹೊತ್ತಿಗೆ ಹೂವಿನ ಕಾಲ ದಾಟಿರುತ್ತದೆ. ಹಾಗಾಗಿ ಇನ್ನೊಂದು ಬೋರ್, ಆಮೇಲೆ ಪಕ್ಕದ ತೋಟದವರದ್ದೂ ಒಂದು.

ಈಗ ಅದೇ ಹತ್ತು ಎಕರೆಯನ್ನು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಜೋರುಮಳೆಯ ತಿಂಗಳಲ್ಲಿ, ನೋಡಿ. ದಿನಕ್ಕೆ ನಾಲ್ಕು ಇಂಚು ಮಳೆ ಪಶ್ಚಿಮದ ಕಡೆಯವರಿಗೆ ಅಪರೂಪವೇನಲ್ಲ. ಆ ಒಂದೇ ದಿನ ಆ ತೋಟದ ಮೇಲೆ ನಲವತ್ತು ಲಕ್ಷ ಲೀಟರ್ ಬೀಳುತ್ತದೆ. ಮಾರ್ಚ್‌ನ ಒಂದು ಸುತ್ತಿಗೆ ಬೇಕಾದ್ದರ ನಾಲ್ಕು ಪಟ್ಟು. ಅದರಲ್ಲಿ ಒಂದು ಪಾಲು ಕೊಲ್ಲಿಗೆ ಹರಿಯುತ್ತದೆ, ಒಂದು ಪಾಲು ಒಳಗಿಳಿಯುತ್ತದೆ. ಒಳಗಿಳಿದದ್ದು ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಬರುತ್ತದೆ? ಗುಂಡಿ ತೋಡುವ ಮೊದಲೂ, ಬೋರ್ ಕೊರೆಸುವ ಮೊದಲೂ, ಬರೆ ಕಡಿಯುವ ಮೊದಲೂ ಕೇಳಬೇಕಾದದ್ದು ಇದನ್ನೇ.

ಒಳಗೆ ಏನಿದೆ ಎಂದು ಕಣ್ಣಾರೆ ಕಾಣಬೇಕಾದರೆ ಬೋರ್ ಕೊರೆಯುವ ರಿಗ್ ಗಾಡಿಯ ಪಕ್ಕ ನಿಲ್ಲಬೇಕು. ಶುರುವಿಗೆ ಕೆಂಪು ಮಣ್ಣು ಬರುತ್ತದೆ. ಸ್ವಲ್ಪ ಇಳಿದ ಮೇಲೆ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬಿಳಿ, ತಿಳಿಗುಲಾಬಿ ಬಣ್ಣದ ನುಣ್ಣನೆಯ ಜೇಡಿ. ಕೈಯಲ್ಲಿ ಹಿಡಿದು ನೀರು ಹಾಕಿ ತಿಕ್ಕಿದರೆ ಬೆರಳು ಜಾರುತ್ತದೆ. ಅದರ ಕೆಳಗೆ ಪುಡಿಪುಡಿಯಾಗುವ ಕೊಳೆತ ಕಲ್ಲು. ಅದರಲ್ಲಿ ಅಭ್ರಕದ ಹೊಳಪು, ಮೂಲ ಬಂಡೆಯ ಗೆರೆಗಳು ಇನ್ನೂ ಕಾಣುತ್ತವೆ. ಅಲ್ಲಿಗೆ ಕೇಸಿಂಗ್, ಅಂದರೆ ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪ್, ನಿಲ್ಲುತ್ತದೆ. ಮುಂದೆ ಬರುವುದು ಬೂದು ಬಣ್ಣದ ಧೂಳು, ಅಂದರೆ ಗಟ್ಟಿ ಬಂಡೆ. ಇಲ್ಲಿನ ಚಾರ್ನೊಕೈಟ್, ನೈಸ್ ಬಂಡೆಗಳಲ್ಲಿ ಕೆಲವು ಮುನ್ನೂರು ಕೋಟಿ ವರ್ಷಕ್ಕೂ ಹಳೆಯವು. ಆ ಬಂಡೆಗೆ ನೀರು ಹಿಡಿಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ನೀರು ಇರುವುದು ಅದರ ಬಿರುಕಿನಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆಯಾಗುತ್ತದೆ, ಇದ್ದದ್ದೂ ಬಿಗಿಯಾಗುತ್ತದೆ. ಐನೂರು ಅಡಿ ದಾಟಿ 'ಇನ್ನೊಂದು ನೂರು ನೋಡೋಣ' ಅನ್ನುವಾಗ ಇದನ್ನು ನೆನಪಿಡಿ.

ನಿಜವಾದ ನೀರಿನ ಉಗ್ರಾಣ ಮೇಲಿನ ಕೊಳೆತ ಕಲ್ಲಿನ ಪದರ. ಬಾವಿಗೆ, ಕೆರೆಗೆ, ಬೇಸಿಗೆಯಲ್ಲಿ ಕೊಲ್ಲಿಗೆ ನೀರು ಕೊಡುವುದು ಅದೇ. ಕೆಳಗಿನ ಬಿರುಕು ತುಂಬುವುದೂ ಅದರಿಂದಲೇ. ಗುಡ್ಡ ಜಾರುವುದೂ ಬಹಳ ಸಲ ಅಲ್ಲೇ, ಜೇಡಿ ಮತ್ತು ಕೊಳೆತ ಕಲ್ಲಿನ ನಡುವೆ ಅಥವಾ ಕೊಳೆತ ಕಲ್ಲು ಮತ್ತು ಬಂಡೆಯ ನಡುವೆ. ಮೇಲಿಂದ ಇಳಿದ ನೀರು ಅಲ್ಲಿ ತಡೆದು ನಿಂತಾಗ ಮಣ್ಣಿನ ಕಣಗಳ ನಡುವೆ ಒತ್ತಡ ಏರುತ್ತದೆ. ಕಣಗಳು ಒಂದನ್ನೊಂದು ಹಿಡಿದುಕೊಂಡಿರುವ ಬಲ ಸಡಿಲವಾಗುತ್ತದೆ. ಆಮೇಲೆ ಇಡೀ ಪದರ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಜನ ಜಲಸ್ಫೋಟ ಎನ್ನುತ್ತಾರಲ್ಲ, ಬರೆಯ ಮಧ್ಯದಿಂದ ಕೆಸರುನೀರು ಚಿಮ್ಮುವುದು, ಅದು ಈ ಒತ್ತಡ ದಾರಿ ಮಾಡಿಕೊಂಡು ಹೊರಬಿದ್ದದ್ದು. ಒಳಗೆ ಯಾವುದೋ ಕೆರೆ ಒಡೆಯಿತು ಎಂಬ ನಂಬಿಕೆ ಇದೆ. ಹಾಗೇನಿಲ್ಲ. ಇದೇ ಉಗ್ರಾಣ ತುಂಬಿ ಉಕ್ಕಿದ್ದು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಆದ ಭೂಕುಸಿತವನ್ನು ನಾನು ಮತ್ತೆ ವಿವರಿಸಬೇಕಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆಗ ಕೊಟ್ಟ ವರದಿಯಲ್ಲಿ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರನ್ನು ನೇರವಾಗಿ ಕಡಿದದ್ದನ್ನು ಕಾರಣವೆಂದು ಹೇಳಿತ್ತು. 2019ರಲ್ಲಿ ವಿರಾಜಪೇಟೆ ತಾಲೂಕಿನ ತೋರ, 2020ರಲ್ಲಿ ತಲಕಾವೇರಿ. ತಲಕಾವೇರಿಯ ದುರಂತದ ಮೇಲೆ ಬೆಟ್ಟದಲ್ಲಿ ಇಂಗುಗುಂಡಿ ತೋಡಬಹುದೇ ಎಂಬ ಮಾತು ಊರೂರಲ್ಲಿ ಎದ್ದಿತು. ಆ ಚರ್ಚೆ ಸರಿಯಾದದ್ದೇ. ಆದರೆ ಅದು 'ಇಂಗುಗುಂಡಿ ಒಳ್ಳೆಯದಾ, ಕೆಟ್ಟದ್ದಾ' ಎಂಬಲ್ಲಿಗೆ ನಿಂತುಹೋಯಿತು ಎಂಬ ಬೇಸರ ನನಗಿದೆ.

ಉತ್ತರ ಜಾಗದ ಮೇಲೆ ನಿಂತಿದೆ. ಕುಶಾಲನಗರ ಕಡೆಯ ತಗ್ಗು, ಕಡಿಮೆ ಮಳೆಯ ಜಾಗದಲ್ಲಿ ಇಂಗಿಸುವುದು ಒಳ್ಳೆಯದೇ. ಭಾಗಮಂಡಲ, ಗಾಳಿಬೀಡು ಕಡೆಯ ಕಡಿದಾದ ಇಳಿಜಾರಿನಲ್ಲಿ, ಕೆಳಗೆ ಬರೆ ಕಡಿದು ಮನೆ ಕಟ್ಟಿದ್ದರೆ, ಮೇಲೆ ಗುಂಡಿ ತೋಡುವುದು ಅಪಾಯ. ಇವೆರಡರ ನಡುವೆ ಕೊಡಗಿನ ಬಹುಪಾಲು ತೋಟಗಳಿವೆ. ಕಾಫಿ ಸಾಲಿನ ನಡುವೆ ಚಿಕ್ಕ ತೊಟ್ಟಿಲು ಗುಂಡಿ ಮಾಡಿ ಮೇಲ್ಮಣ್ಣು ಹಿಡಿಯುವುದು ಒಂದು, ಜೆಸಿಬಿ ತಂದು ಗುಡ್ಡದ ತಲೆಯಲ್ಲಿ ದೊಡ್ಡ ಕೆರೆ ತೋಡುವುದು ಇನ್ನೊಂದು. ಎರಡಕ್ಕೂ ಒಂದೇ ಹೆಸರಿನ ಸಲಹೆ ಕೊಡಬಾರದು.

ಒಬ್ಬನೇ ತಜ್ಞ ಇದನ್ನು ತೀರ್ಮಾನಿಸಲಾರ. ನನಗೆ ಬಂಡೆ, ನೀರು ಗೊತ್ತು. ಇಳಿಜಾರು ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕಲು ಮಣ್ಣಿನ ಎಂಜಿನಿಯರ್ ಬೇಕು. ಹೂವಿಗೆ ನಿಜವಾಗಿ ಎಷ್ಟು ನೀರು ಸಾಕು ಎಂದು ಕಾಫಿ ವಿಜ್ಞಾನಿ ಹೇಳಬೇಕು. ಯಾವ ಮರದ ಬೇರು ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಅರಣ್ಯಶಾಸ್ತ್ರದವರು ಹೇಳಬೇಕು. ಮರದ ವಿಷಯದಲ್ಲಿ ಒಂದು ಮಾತು. ಬೇರು ಮೇಲಿನ ಕೆಲವು ಅಡಿ ಮಣ್ಣನ್ನು ಹಿಡಿಯುತ್ತದೆ, ನಿಜ. ಜಾರುವ ಪದರ ಅದಕ್ಕಿಂತ ಆಳದಲ್ಲಿದ್ದರೆ ಮರವೂ ಮಣ್ಣಿನ ಜೊತೆ ನಿಂತ ಹಾಗೆಯೇ ಕೆಳಗಿಳಿಯುತ್ತದೆ. ಕಾಡಿದ್ದ ಕಡೆಯೂ ಯಾಕೆ ಕುಸಿಯಿತು ಎಂದು ಕೇಳುವವರಿಗೆ ಒಂದು ಕಾರಣ ಇದು. ಹಾಗೆಂದು ಮರ ಕಡಿಯಬಹುದು ಎಂದಲ್ಲ. ಮೇಲಿನ ಮಣ್ಣು ಹೋದರೆ ಉಳಿದದ್ದೂ ಬೇಗ ಹೋಗುತ್ತದೆ.

ಹೀಗೆ ಹಲವರು ಸೇರಿ ನೆಲದ ಒಳಗನ್ನು ಓದಿದ ಕೆಲಸ ನಮ್ಮ ರಾಜ್ಯದಲ್ಲೇ, ನಮ್ಮಿಂದ ದೂರವಿಲ್ಲದ ಬಂಡೀಪುರದಲ್ಲಿ ನಡೆದಿದೆ. ಅಲ್ಲಿನ ಮೂಲೆಹೊಳೆಯ ಸುಮಾರು ನಾಲ್ಕು ಚದರ ಕಿಲೋಮೀಟರ್ ಕಾಡನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಜೊತೆಯಾಗಿ ವರ್ಷಗಟ್ಟಲೆ ಅಳೆದರು. ಮಳೆ, ಹೊಳೆ, ಬಾವಿ, ಮಣ್ಣು, ನೀರಿನ ರಸಾಯನ, ಮರ, ಎಲ್ಲವೂ ಒಂದೇ ಜಾಗದಲ್ಲಿ. ಅಲ್ಲಿ ಕಂಡದ್ದು ದೊಡ್ಡ ವಿಷಯ. ಬಿದ್ದ ಮಳೆಯ ಬಹುಪಾಲು ಮರಗಳ ಮೂಲಕವೇ ಗಾಳಿಗೆ ವಾಪಸ್ ಹೋಗುತ್ತದೆ. ಮರಗಳು ಬರಗಾಲದಲ್ಲಿ ಕೊಳೆತ ಕಲ್ಲಿನ ಆಳದ ಪದರದಿಂದ ನೀರು ಎಳೆಯುತ್ತವೆ. ಆ ಪದರ ಮತ್ತೆ ತುಂಬಿಕೊಳ್ಳುವವರೆಗೆ ಕೆಳಗಿನ ಅಂತರ್ಜಲಕ್ಕೆ ನೀರು ಇಳಿಯುವುದು ತಡವಾಗುತ್ತದೆ. ಬರೀ ಬಾವಿ ಅಳೆಯುವವನಿಗೆ ಇದು ಕಾಣುತ್ತಿರಲಿಲ್ಲ, ಬರೀ ಮರ ಅಳೆಯುವವನಿಗೂ ಕಾಣುತ್ತಿರಲಿಲ್ಲ. ಅಲ್ಲಿನ ಮಳೆ ನಮ್ಮದಕ್ಕಿಂತ ಬಹಳ ಕಡಿಮೆ, ಹಾಗಾಗಿ ಅಲ್ಲಿನ ಅಂಕಿಗಳನ್ನು ತಂದು ಇಲ್ಲಿ ಅಂಟಿಸಬಾರದು. ತರಬೇಕಾದದ್ದು ಆ ವಿಧಾನವನ್ನು.

ನಮ್ಮಲ್ಲಿ ಜನರಿಗೇನೂ ಕೊರತೆ ಇಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ನಡೆಯುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ನೀರಿನ ಪದರಗಳ ನಕ್ಷೆ ಮಾಡಿದೆ, ಭೂವೈಜ್ಞಾನಿಕ ಸರ್ವೇಕ್ಷಣೆ ಭೂಕುಸಿತದ ಸಾಧ್ಯತೆಯ ನಕ್ಷೆ ಮಾಡಿದೆ. ಎರಡರ ಅಳತೆಯೂ 1:50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ನಿಮ್ಮ ಹತ್ತು ಎಕರೆ ತೋಟ ಅದರಲ್ಲಿ ನಾಲ್ಕು ಮಿಲಿಮೀಟರ್ ಉದ್ದ, ನಾಲ್ಕು ಮಿಲಿಮೀಟರ್ ಅಗಲದ ಚುಕ್ಕಿ. ಜಿಲ್ಲೆಯ ಯೋಜನೆಗೆ ಆ ನಕ್ಷೆ ಬೇಕೇ ಬೇಕು. ನಿಮ್ಮ ಮನೆ ಹಿಂದಿನ ಬರೆಯ ಬಗ್ಗೆ ಅದು ಏನೂ ಹೇಳಲಾರದು. ಆ ವಿವರ ತೋಟದಿಂದಲೇ ಬರಬೇಕು.

ಆ ವಿವರ ಪ್ರತಿದಿನ ಮಣ್ಣುಪಾಲಾಗುತ್ತಿದೆ ಎಂಬುದು ನನಗೆ ತುಂಬಾ ನೋವಿನ ವಿಷಯ. ಜಿಲ್ಲೆಯಲ್ಲಿ ಕೊರೆದ ಪ್ರತಿಯೊಂದು ಬೋರ್ ನೆಲದ ಒಳಗೆ ಇಣುಕಿದ ಒಂದು ಕಿಂಡಿ. ಎಷ್ಟು ಅಡಿಗೆ ಜೇಡಿ ಸಿಕ್ಕಿತು, ಎಷ್ಟಕ್ಕೆ ಬಂಡೆ, ಎಲ್ಲಿ ನೀರು ಎಂದು ರಿಗ್‌ನವರಿಗೆ ಆ ಹೊತ್ತಿಗೆ ಗೊತ್ತಿರುತ್ತದೆ. ಬಿಲ್ಲಿನಲ್ಲಿ ಉಳಿಯುವುದು ಒಟ್ಟು ಅಡಿ ಮತ್ತು ಕೇಸಿಂಗ್‌ನ ಉದ್ದ ಮಾತ್ರ. ಫೇಲ್ ಆದ ಬೋರ್ ಆದರಂತೂ ಯಾರೂ ನೆನೆಸಿಕೊಳ್ಳುವುದಿಲ್ಲ. ನನಗೆ ಫೇಲ್ ಆದ ಬೋರ್‌ನ ವಿವರವೂ ಅಷ್ಟೇ ಮುಖ್ಯ. ಬರೆ ನೋಡಲು ಬರುವ ಎಂಜಿನಿಯರ್‌ಗಂತೂ ಜೇಡಿ ಎಷ್ಟು ಆಳದಲ್ಲಿದೆ ಎಂಬ ಮಾಹಿತಿ ಚಿನ್ನದಂಥದ್ದು.

ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ. ಫಿನ್ಲೆಂಡಿನ ಹೆಲ್ಸಿಂಕಿ ನಗರವೂ ಹಳೆಯ ಗಟ್ಟಿ ಬಂಡೆಯ ಮೇಲೆ ಕೂತಿದೆ. ಅವರು ಇಡೀ ನಗರದ ನೆಲದಡಿಗೆ ಒಂದು ಮಾಸ್ಟರ್ ಪ್ಲಾನ್ ಮಾಡಿ 2010ರಲ್ಲಿ ಒಪ್ಪಿಗೆ ಕೊಟ್ಟರು. ಎಲ್ಲಿ ಏನು ಕೊರೆಯಬಹುದು, ಮುಂದಿನವರಿಗೆ ಯಾವ ಜಾಗ ಬಿಡಬೇಕು ಎಂದು ಮೊದಲೇ ಗುರುತು ಹಾಕಿದ್ದಾರೆ. ಅವರ ಅಗತ್ಯ ಬೇರೆ, ಸುರಂಗ, ಪಾರ್ಕಿಂಗ್, ಪೈಪ್‌ಲೈನ್. ನಮ್ಮ ಅಗತ್ಯ ನೀರು ಮತ್ತು ನಿಂತ ಗುಡ್ಡ. ನೆಲದಡಿಯೂ ಯೋಜನೆ ಬೇಕಾದ ಜಾಗ ಎಂಬ ತಿಳಿವಳಿಕೆ ಇಬ್ಬರಿಗೂ ಒಂದೇ. ನಮ್ಮಲ್ಲಿ ಜಮೀನು ಯಾರದ್ದೋ ಅದರ ಕೆಳಗಿನ ನೀರೂ ಅವರದ್ದೇ ಎಂಬ ಅಭ್ಯಾಸ 1882ರ ಈಸ್ಮೆಂಟ್ ಕಾಯ್ದೆಯ ಕಾಲದಿಂದ ಬಂದಿದೆ. ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯ್ದೆ ತಂದಿತು. ಆದರೆ ಮನಸ್ಸು ಹಳೆಯ ಕಾಯ್ದೆಯಲ್ಲೇ ಇದೆ. ಬೇಲಿ ಇರುವುದು ನೆಲದ ಮೇಲೆ, ಒಳಗಿನ ಬಿರುಕು ಬೇಲಿ ನೋಡಿ ಹೋಗುವುದಿಲ್ಲ. ಹೋಂಸ್ಟೇಗಳ ಶೌಚಗುಂಡಿಗೂ ಇದೇ ಮಾತು. ಕೊಲ್ಲಿಯ ಮೇಲ್ಭಾಗದಲ್ಲಿ ಬಿಟ್ಟದ್ದು ಬಿರುಕು ಹಿಡಿದು ಕೆಳಗಿನ ಮನೆಯ ಬಾವಿಗೆ ಬರಬಹುದು.

ಹಾಗಾದರೆ ಒಂದು ತೋಟದಲ್ಲಿ ಎಲ್ಲಿಂದ ಶುರು ಮಾಡುವುದು? ನಾನು ಹೇಳುವುದು ಇಷ್ಟು. ಬೋರ್ ಕೊರೆಸುವ ದಿನ ಪ್ರತಿ ಹತ್ತು ಅಡಿಗೆ ಒಂದು ಹಿಡಿ ಮಣ್ಣು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಳ ಬರೆದಿಡಿ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳಿದರೆ ಸಾಕು, ದೊಡ್ಡ ಕೆಲಸವಲ್ಲ. ಮಳೆ ಮಾಪಕದ ಲೆಕ್ಕ ಕೊಡಗಿನ ಹಳೆಯ ತೋಟಗಳಲ್ಲಿ ತಲೆಮಾರಿನಿಂದ ಬರೆದಿಟ್ಟಿದ್ದಾರೆ, ಇದು ಬಹಳ ದೊಡ್ಡ ಆಸ್ತಿ. ಅದೇ ಪುಸ್ತಕದಲ್ಲಿ ಪಕ್ಕದ ಅಂಕಣಕ್ಕೆ ಬಾವಿಯ ನೀರಿನ ಮಟ್ಟ ಬರೆಯಿರಿ, ತಿಂಗಳಿಗೆ ಒಂದು ಸಲ. ಮಳೆಗಾಲದಲ್ಲಿ ವಾರಕ್ಕೊಂದು ಸಲ. ಯಾವ ಮಳೆಗೆ ಬಾವಿ ಎಷ್ಟು ದಿನದಲ್ಲಿ ಏರುತ್ತದೆ ಎಂದು ಎರಡು ಮೂರು ವರ್ಷದಲ್ಲಿ ನಿಮಗೇ ಗೊತ್ತಾಗುತ್ತದೆ. ಆ ಲೆಕ್ಕ ಹೂಮಳೆಯ ಯೋಜನೆಗೂ ಬೇಕು, ಗುಡ್ಡ ಎಷ್ಟು ತುಂಬಿದೆ ಎಂದು ಊಹಿಸಲೂ ಬೇಕು.

ಇನ್ನೊಂದು, ತೋಟ ಸುತ್ತುವ ಹಿರಿಯರ ಮಾತನ್ನು ಅದೇ ಪುಸ್ತಕಕ್ಕೆ ಸೇರಿಸಿ. ಯಾವ ಒರತೆ ಯಾವ ತಿಂಗಳು ಏಳುತ್ತಿತ್ತು, ಯಾವುದು ನಿಂತುಹೋಯಿತು, ಯಾವ ಗದ್ದೆಯಲ್ಲಿ ಭತ್ತ ಬಿಟ್ಟ ಮೇಲೆ ಕೆಳಗಿನ ಕೆರೆ ಬೇಗ ಬತ್ತಿತು. ಹಿಂದೆ ಇಲ್ಲದ ಕಡೆ ಹೊಸ ಒರತೆ ಎದ್ದರೆ, ಸ್ವಚ್ಛವಾಗಿದ್ದ ಒರತೆ ಮಳೆಯ ನಡುವೆ ಕೆಸರಾದರೆ, ಅಥವಾ ಹರಿಯುತ್ತಿದ್ದದ್ದು ದಿಢೀರನೆ ನಿಂತರೆ, ಬರೆಯುತ್ತಾ ಕೂರಬೇಡಿ. ಮೊದಲು ಬರೆಯ ಕೆಳಗಿನ ಮನೆಯವರನ್ನೂ ಕಾರ್ಮಿಕರ ಲೈನ್ ಮನೆಯವರನ್ನೂ ಅಲ್ಲಿಂದ ಎಬ್ಬಿಸಿ, ಆಮೇಲೆ ಪಂಚಾಯಿತಿಗೆ ಫೋನ್ ಮಾಡಿ.