ಬೃಹತ್ ಶಿಲಾಯುಗ: ದೊಡ್ಡದು ಯಾವುದು, ಕಲ್ಲೋ ಯುಗವೋ?

ಮತ್ತೆ ಅದೇ ತಲೆಬರಹ: ‘ಶಿಲಾಯುಗದ ಸಮಾಧಿಗಳು ಪತ್ತೆ’. ಕೆಳಗಿನ ಚಿತ್ರದಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಗೋರಿ, ಪಕ್ಕದಲ್ಲಿ ತುಕ್ಕು ತಿಂದ ಬಾಣದ ಮೊನೆ. ಕಬ್ಬಿಣವನ್ನು ಕಣ್ಣೆದುರಿಗೇ ಇಟ್ಟುಕೊಂಡು ಶಿಲಾಯುಗ ಎಂದು ಬರೆಯಲು ಧೈರ್ಯ ಬೇಕು. ತಜ್ಞರು ‘ಬೃಹತ್ ಶಿಲಾಯುಗ’ ಎಂದಿರುತ್ತಾರೆ; ತಲೆಬರಹಕ್ಕೆ ಉದ್ದವಾಯಿತೆಂದು ‘ಬೃಹತ್’ ಹಾರಿಹೋಗಿರುತ್ತದೆ.

ಬರೆದವರನ್ನಷ್ಟೇ ಬೈದು ಪ್ರಯೋಜನವಿಲ್ಲ, ಪದವೇ ದಾರಿ ತಪ್ಪಿಸುವಂತಿದೆ. ನವಶಿಲಾಯುಗವನ್ನು ಬಿಡಿಸಿದರೆ ನವ + ಶಿಲಾಯುಗ, ಶಿಲಾಯುಗದ ಹೊಸ ಘಟ್ಟ. ಹಳೆಯದು, ನಡುವಿನದು, ಹೊಸದು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ‘ಬೃಹತ್ ಶಿಲಾಯುಗ’ವೂ ಅದೇ ಸಾಲಿನ ನಾಲ್ಕನೆಯದಾಗಿ ಕೇಳಿಸುತ್ತದೆ. ಆದರೆ ಈ ಸಮಾಸವನ್ನು ಒಡೆಯಬೇಕಾದ ಜಾಗ ಬೇರೆ: ಬೃಹತ್‌ಶಿಲಾ + ಯುಗ. ದೊಡ್ಡ ಕಲ್ಲುಗಳ ಕಾಲ ಎಂದಷ್ಟೇ ಅರ್ಥ. ಸಂಧಿ ಮಾಡಿ ‘ಬೃಹಚ್ಛಿಲಾ’ ಎಂದು ಬರೆದಿದ್ದರೆ ಯಾರೂ ನಡುವೆ ಕೊಯ್ಯುತ್ತಿರಲಿಲ್ಲ. ಓದುವವರ ನಾಲಿಗೆ ತೊಡರುತ್ತಿತ್ತು, ಅಷ್ಟೆ.

‘ಬೃಹತ್ ಶಿಲೆ’ಗೆ ಇಂಗ್ಲಿಷಿನಲ್ಲಿರುವ ಪದ ಮೆಗಾಲಿತ್; ಅದು ಗ್ರೀಕಿನ ಮೆಗಾಸ್ (ದೊಡ್ಡ) ಮತ್ತು ಲಿಥೋಸ್ (ಕಲ್ಲು) ಸೇರಿ ಆದದ್ದು. ಅದರಲ್ಲಿ ಯುಗದ ಸೊಲ್ಲೇ ಇಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ಎದ್ದದ್ದು ಕ್ರಿ.ಪೂ. 2500ರ ಸುಮಾರಿಗೆ, ಅಲ್ಲಿಗೆ ಕಬ್ಬಿಣ ಬರುವ ಸಾವಿರಕ್ಕೂ ಹೆಚ್ಚು ವರ್ಷ ಮೊದಲು. ದಕ್ಷಿಣ ಭಾರತದ ದೊಡ್ಡ ಕಲ್ಲಿನ ಗೋರಿಗಳಾದರೋ ಬಹುಪಾಲು ಕ್ರಿ.ಪೂ. 1200ರಿಂದೀಚಿನವು, ಕಬ್ಬಿಣಯುಗಕ್ಕೆ ಸೇರಿದವು. ಕಲ್ಲು ನಿಲ್ಲಿಸುವ ರೀತಿ ಒಂದೇ ಎಂದು ಕಾಲವೂ ಒಂದೇ ಆಗಬೇಕಿಲ್ಲ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಮಣ್ಣಿನ ಪದರಗಳೇ ಈ ವ್ಯಾಜ್ಯ ತೀರಿಸಿದ್ದವು. ತಳದಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲುಗೊಡಲಿಗಳು. ಅದರ ಮೇಲೆ ಕಬ್ಬಿಣ ಮತ್ತು ಕಪ್ಪು-ಕೆಂಪು ಮಡಕೆಗಳ ಬೃಹತ್ ಶಿಲಾ ಪದರ. ಅದಕ್ಕೂ ಮೇಲೆ ಶಾತವಾಹನರ ಕಾಲದ್ದು. ಆ ಮಡಕೆಗಳನ್ನೊಮ್ಮೆ ನೋಡಬೇಕು. ಒಳಗೆಲ್ಲ ಮತ್ತು ಬಾಯಂಚಿನಲ್ಲಿ ಕಪ್ಪು, ಉಳಿದ ಹೊರಮೈ ಕೆಂಪು. ಬೋರಲು ಹಾಕಿ ಸುಟ್ಟು, ಒಳಗೆ ಗಾಳಿಯಾಡದಂತೆ ಮಾಡಿದರೆ ಹೀಗಾಗುತ್ತದೆ ಎನ್ನುತ್ತಾರೆ. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವೂ ಇದೆ. ದಕ್ಷಿಣದಲ್ಲಿ ಇಂಥ ಗೋರಿ ಕಟ್ಟುವ ರೂಢಿ ಕ್ರಿಸ್ತಶಕದ ಆರಂಭದವರೆಗೂ ಅಲ್ಲಲ್ಲಿ ಉಳಿದಿತ್ತು. ತಲೆಬರಹದವರ ಲೆಕ್ಕ ಹಿಡಿದರೆ ಅಶೋಕನನ್ನೂ ಶಿಲಾಯುಗಕ್ಕೆ ಸೇರಿಸಬೇಕಾದೀತು.

ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ರಚನೆಗಳಿವೆ. ಊರವರು ಅದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರು ಕುಳ್ಳರು, ಈ ಕಲ್ಮನೆಗಳಲ್ಲೇ ಸಂಸಾರ ಮಾಡಿಕೊಂಡಿದ್ದರು ಎಂಬುದು ಕಥೆ. ಬೇರೆ ಕಡೆ ಇಂಥವೇ ‘ಪಾಂಡವರ ಮನೆ’ಗಳಾಗಿವೆ. ಕಥೆಯ ಬಗ್ಗೆ ನನಗೆ ತಕರಾರಿಲ್ಲ, ಹೇಳುವವರು ಕಥೆಯೆಂದೇ ಹೇಳುತ್ತಾರೆ. ಚಪ್ಪಡಿಯಲ್ಲಿ ಕೊರೆದ ದುಂಡು ಕಂಡಿಯನ್ನು ತೋರಿಸಿ ‘ಶಿಲಾಯುಗದವರ ಕಿಟಕಿ’ ಎಂದು ವಿಡಿಯೊ ಮಾಡುವವರನ್ನು ಕಂಡರೆ ಮಾತ್ರ ಸಹನೆ ಕೆಡುತ್ತದೆ. ಒಳಗೆ ಯಾರೂ ವಾಸವಿರಲಿಲ್ಲ. ಬದುಕಿದ್ದವರ ಮನೆಗಳು ಮಣ್ಣು, ಮರ, ಹುಲ್ಲಿನವು. ಅವು ಕರಗಿ ಹೋದವು. ಗೋರಿಗಳು ಹೇಳುವುದು ಬೇರೆಯದನ್ನು: ಟನ್‌ಗಟ್ಟಲೆ ತೂಕದ ಚಪ್ಪಡಿಯನ್ನು ಎಬ್ಬಿಸಿ ನಿಲ್ಲಿಸಲು ಹತ್ತಾರು ಆಳು ಬೇಕು, ಅವರನ್ನು ಸೇರಿಸಿ ಉಣ್ಣಿಸಬಲ್ಲವರು ಬೇಕು. ಸತ್ತ ಎಲ್ಲರಿಗೂ ಈ ಮರ್ಯಾದೆ ಸಿಕ್ಕಿರಲಾರದು.

ಬರೆಯುವವರಿಗೆ ‘ಬೃಹತ್ ಶಿಲಾ ಸಂಸ್ಕೃತಿ’ ಇದೆ, ಅದು ಬೇಡವಾದರೆ ನೇರವಾಗಿ ‘ಕಬ್ಬಿಣಯುಗದ ಗೋರಿ’ ಎನ್ನಬಹುದು. ಬಿಡಿ ರಚನೆಗಳಿಗಂತೂ ಕಲ್ಗೋರಿ, ಕಲ್ಮನೆ, ನಿಲಸುಗಲ್ಲು ಎಂಬ ಅಚ್ಚಗನ್ನಡದ ಹೆಸರುಗಳೇ ಇವೆ. ಹೊಸನಗರದ ಕಡೆ ನಿಲಸ್ಕಲ್ ಎಂಬ ಊರೇ ಇದೆ, ನಿಂತ ಕಲ್ಲುಗಳೂ ಅಲ್ಲಿವೆ.